ಪಾರ್ಸೆಲ್ ರೇಟು ಕೊನೆಗಿರಲಿ

ಹೋದ ಸಂಚಿಕೆಯಲ್ಲಿ ಸರ್ಕಾರದ ದುಡ್ಡಿನಲ್ಲಿ ತಯಾರಾಗುವ ಅನಿಮೇಷನ್ ಕಿರುಚಿತ್ರಗಳ ಬಗ್ಗೆ ಅರ್ಧ ಪುಟ ಬರೆದಿದ್ದೇ ತಡ, ಪತ್ರಗಳು ಬಂದವು ನೋಡಿ. ಬೈದವರೇ ಜಾಸ್ತಿ. ಬೈದವರು ಚೆನ್ನಾಗಿಯೇ ಬೈದಿದ್ದಾರೆ, ಹಾಗಾಗಿ ಅವರಿಂದಲೇ ಶುರು ಮಾಡುತ್ತೇನೆ.

ಪ್ರ: ರಸ್ತೆ ಗುಂಡಿ ಮುಚ್ಚಲು ದುಡ್ಡಿಲ್ಲ ಅನ್ನುವ ದೇಶದಲ್ಲಿ ತೆರಿಗೆ ಹಣದಿಂದ ಕಾರ್ಟೂನ್ ಮಾಡಿಸಬೇಕು ಅಂತೀರಲ್ಲ, ನಿಮಗೆ ತಲೆ ಸರಿ ಇದೆಯಾ? ಬೇಕಾದವರು ತಮ್ಮ ದುಡ್ಡಲ್ಲಿ ಮಾಡಿಕೊಳ್ಳಲಿ.
– ನಿವೃತ್ತ ಮುಖ್ಯ ಶಿಕ್ಷಕರು, ಚಳ್ಳಕೆರೆ

ಮೇಷ್ಟ್ರೇ, ಗುಂಡಿಯ ಮಾತು ಒಪ್ಪಿದೆ. ನಮ್ಮ ಮನೆ ಮುಂದೆಯೂ ಒಂದಿದೆ, ಮಳೆಗಾಲದಲ್ಲಿ ಮಕ್ಕಳು ಅದಕ್ಕೆ ಭದ್ರಾ ಡ್ಯಾಮ್ ಅಂತಲೇ ಕರೆಯುತ್ತಾರೆ. ಆದರೆ ನೀವು ಲೆಕ್ಕದ ಮೇಷ್ಟ್ರು ಅಂತ ಬರೆದಿದ್ದೀರಿ, ಒಂದು ಲೆಕ್ಕ ಕೇಳಿ. ಸಿನಿಮಾ ಒಂದು ಸೆಕೆಂಡಿಗೆ 24 ಫ್ರೇಮು, ಅಂದರೆ 24 ಬಿಡಿ ಫೋಟೋ ಓಡುತ್ತದೆ. ಕೈಯಲ್ಲಿ ಬಿಡಿಸುವವರು ಸಾಮಾನ್ಯವಾಗಿ ಒಂದೊಂದು ಚಿತ್ರವನ್ನು ಎರಡು ಫ್ರೇಮು ನಿಲ್ಲಿಸುತ್ತಾರೆ, ಅಂದರೆ ಸೆಕೆಂಡಿಗೆ 12 ಚಿತ್ರ. ಏಳು ನಿಮಿಷದ ಚಿತ್ರಕ್ಕೆ 5,040. ದಿನಕ್ಕೆ 20 ಚಿತ್ರ ಬಿಡಿಸಿದರೂ 252 ದಿನ, ಭಾನುವಾರ ಹಬ್ಬ ಹರಿದಿನ ಕಳೆದರೆ ಒಂದು ವರ್ಷ. ಅದೂ ಒಬ್ಬನೇ ಮನುಷ್ಯ, ಒಂದೂ ಚಿತ್ರ ಹಾಳಾಗದೆ. ಆಮೇಲೆ ಬಣ್ಣ, ಶಬ್ದ, ಸಂಗೀತ. ಇಷ್ಟೆಲ್ಲ ಮಾಡಿದ ಮೇಲೆ ಏಳು ನಿಮಿಷದ ಚಿತ್ರಕ್ಕೆ ಯಾರು ಟಿಕೆಟ್ ತಗೋತಾರೆ ಹೇಳಿ? ಯಾರೂ ಇಲ್ಲ. ಅದಕ್ಕೇ ಇದು ಅಂಗಡಿ ಲೆಕ್ಕಕ್ಕೆ ಬಗ್ಗುವ ಸಾಮಾನಲ್ಲ. ಕಲಾವಿದನಿಗೆ ಬೇಕಾಗಿರುವುದು ಒಂದು ವರ್ಷದ ಅಕ್ಕಿ ಬೇಳೆ, ಮನೆ ಬಾಡಿಗೆ. ಅದನ್ನು ಕೊಡುವವರು ಹಿಂದಿನ ಕಾಲದಲ್ಲಿ ರಾಜರಿದ್ದರು, ಮಠಗಳಿದ್ದವು, ಈಗ ಸರ್ಕಾರ.

ಮತ್ತೆ ನೀವೂ ಈ ದುಡ್ಡಿನ ಚಿತ್ರ ನೋಡಿದವರೇ. ನಾನು ಚಿಕ್ಕವನಿದ್ದಾಗ ದಾವಣಗೆರೆಯ ಟಾಕೀಸುಗಳಲ್ಲಿ ರಾಜಕುಮಾರ್ ಬರುವ ಮೊದಲು ಕೇಂದ್ರ ಸರ್ಕಾರದ ಫಿಲ್ಮ್ಸ್ ಡಿವಿಷನ್ ಚಿತ್ರ ಬರುತ್ತಿತ್ತು, ನೆನಪಿದೆಯಾ? ಬರಗಾಲ, ಅಣೆಕಟ್ಟು, ಯಾವುದೋ ಮಂತ್ರಿ ಟೇಪು ಕತ್ತರಿಸುವುದು. ಅಪ್ಪ ‘ನ್ಯೂಸ್ ರೀಲು ಮುಗೀಲಿ ಬಿಡು’ ಅಂತ ಬೇಕಂತಲೇ ಹೊರಗೆ ನಿಂತು ಬೀಡಿ ಸೇದುತ್ತಿದ್ದರು, ನಾನು ಖಾರ ಮಂಡಕ್ಕಿ ಪೊಟ್ಟಣ ಹಿಡಿದುಕೊಂಡು ಒಳಗೆ ಓಡುತ್ತಿದ್ದೆ, ಯಾಕೆಂದರೆ ಹತ್ತರಲ್ಲಿ ಒಂದು ಸಲ ಅದು ಕಾರ್ಟೂನ್ ಆಗಿರುತ್ತಿತ್ತು. ಆಗ ಗೊತ್ತಿರಲಿಲ್ಲ, ಫಿಲ್ಮ್ಸ್ ಡಿವಿಷನ್ ಶುರುವಾಗಿದ್ದು 1948ರಲ್ಲಿ, ಅದರ ಕಾರ್ಟೂನ್ ಘಟಕ 1956ರಲ್ಲಿ. ಡಿಸ್ನಿಯಲ್ಲಿ ಕೆಲಸ ಮಾಡಿದ್ದ ಕ್ಲೇರ್ ವೀಕ್ಸ್ ಅನ್ನುವವರು ಬಂದು ನಮ್ಮ ಹುಡುಗರಿಗೆ ಕಲಿಸಿದರು. ಮಾರನೇ ವರ್ಷವೇ ‘ದಿ ಬನ್ಯನ್ ಡೀರ್’ ಬಂತು, ಜಾತಕ ಕಥೆಯ ಜಿಂಕೆಗಳು. ಅಲ್ಲಿ ಕಲಿತ ರಾಮ್ ಮೋಹನ್ ಮುಂದೆ ಭಾರತದ ಅನಿಮೇಷನ್‌ಗೇ ಹಿರಿಯಣ್ಣ ಆದರು, 2014ರಲ್ಲಿ ಪದ್ಮಶ್ರೀ ಬಂತು. ನಿಮ್ಮ ಶಾಲೆಯ ಹೆಣ್ಣುಮಕ್ಕಳು ನೋಡಿರಬಹುದಾದ ಯುನಿಸೆಫ್‌ನ ‘ಮೀನಾ’ ಕಾರ್ಟೂನ್ ಕೂಡ ಅವರ ಕೈಯದ್ದೇ. ಒಂದು ಸರ್ಕಾರಿ ಕೋಣೆಯಲ್ಲಿ ಚಿತ್ರ ಬಿಡಿಸಲು ಕೆಳಗಿನಿಂದ ಬೆಳಕು ಬರುವ ನಾಲ್ಕು ಲೈಟ್ ಬಾಕ್ಸ್ ಇಟ್ಟಿದ್ದಕ್ಕೆ ಇಷ್ಟು ಫಸಲು ಬಂದಿದೆ ಮೇಷ್ಟ್ರೇ.

ಇನ್ನೊಂದು ಹೇಳಿ ಮುಂದೆ ಹೋಗುತ್ತೇನೆ, ಇದು ನನಗೆ ಬಹಳ ಇಷ್ಟದ ಸಂಗತಿ. 1935ರಲ್ಲಿ ಇಂಗ್ಲೆಂಡಿನ ಅಂಚೆ ಇಲಾಖೆಗೆ ಲೆನ್ ಲೈ ಅನ್ನುವ ನ್ಯೂಜಿಲೆಂಡ್ ಕಲಾವಿದ ಒಂದು ಪುಟ್ಟ ಚಿತ್ರ ಮಾಡಿಕೊಟ್ಟ, ‘ಎ ಕಲರ್ ಬಾಕ್ಸ್’ ಅಂತ. ಕ್ಯಾಮೆರಾನೇ ಇಲ್ಲ. ಫಿಲ್ಮ್ ಸುರುಳಿಯ ಮೇಲೆ ಸೀದಾ ಬಣ್ಣ ಬಳಿದ. ಗೆರೆಗಳು, ಚುಕ್ಕೆಗಳು, ವಾದ್ಯಕ್ಕೆ ತಕ್ಕಂತೆ ಕುಣಿಯುವುದು, ಕಥೆ ಗಿಥೆ ಏನೂ ಇಲ್ಲ. ಕೊನೆಗೆ ಮಾತ್ರ ಆ ಬಣ್ಣಗಳ ಮಧ್ಯೆಯೇ ಪಾರ್ಸೆಲ್ ದರ ಬರುತ್ತದೆ, ಇಷ್ಟು ತೂಕಕ್ಕೆ ಇಷ್ಟು ಪೆನ್ಸ್ ಅಂತ. ಅಷ್ಟೇ ಷರತ್ತು! ಇಲಾಖೆ ಕೊನೆಯ ಚೂರು ತನಗಿಟ್ಟುಕೊಂಡು ಉಳಿದಿದ್ದನ್ನು ಕಲಾವಿದನಿಗೆ ಬಿಟ್ಟಿತು. ನಾನು ಕೇಳುತ್ತಿರುವುದೂ ಇಷ್ಟೇ. ಪಾರ್ಸೆಲ್ ರೇಟು ಕೊನೆಗಿರಲಿ, ಮೊದಲ ಫ್ರೇಮಿನಿಂದಲೇ ಬೇಡ.

ಪ್ರ: ನಾನು ಚಿತ್ರಕಲೆ ಓದುತ್ತಿದ್ದೇನೆ. ನಮ್ಮಜ್ಜಿ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಿದ್ದರು. ಅವರ ಬಗ್ಗೆ ಮೂರು ನಿಮಿಷದ ಅನಿಮೇಷನ್ ಮಾಡಬೇಕು. ಟ್ಯಾಬ್ಲೆಟ್ ಇಲ್ಲ, ದೊಡ್ಡ ಕಂಪ್ಯೂಟರ್ ಇಲ್ಲ. ಆಗುತ್ತಾ?
– ವಿದ್ಯಾರ್ಥಿನಿ, ದಾವಣಗೆರೆ

ಆಗುತ್ತೆ ತಂಗಿ. ನಿನ್ನ ಪತ್ರ ಓದಿ ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. ನಿಮ್ಮಜ್ಜಿ ಇಡೀ ಜೀವಮಾನ ಮರಳು ತಿರುವಿದವರು. ಮಂಡಕ್ಕಿ ಅರಳುವುದು ಎಣ್ಣೆಯಲ್ಲಲ್ಲ, ಕಾದ ಮರಳಲ್ಲಿ. ಬಾಣಲೆಯ ಮರಳಿಗೆ ಅಕ್ಕಿ ಸುರಿದ ಕೂಡಲೇ ಕಪ್ಪು ಮಧ್ಯೆ ಬಿಳಿ ಎದ್ದು ಬರುತ್ತಲ್ಲ, ಅದಕ್ಕಿಂತ ದೊಡ್ಡ ಅನಿಮೇಷನ್ ನಾನು ನೋಡಿಲ್ಲ. ನೀನು ಅದೇ ಮರಳಲ್ಲಿ ಮಾಡು.

ಕೆನಡಾದಲ್ಲಿ ಕ್ಯಾರೊಲಿನ್ ಲೀಫ್ ಅಂತ ಕಲಾವಿದೆ. ಅಲ್ಲಿನ ಸರ್ಕಾರದ ನ್ಯಾಷನಲ್ ಫಿಲ್ಮ್ ಬೋರ್ಡ್‌ಗೆ 1974ರಲ್ಲಿ ಗೂಬೆಯೊಂದು ಹೆಬ್ಬಾತನ್ನು ಮದುವೆಯಾದ ಕಥೆಯನ್ನು ಬರೀ ಮರಳಲ್ಲಿ ಮಾಡಿದರು. ಗಾಜಿನ ಮೇಲೆ ಮರಳು, ಕೆಳಗಿನಿಂದ ಬೆಳಕು. ಮರಳಿದ್ದ ಕಡೆ ಕಪ್ಪು, ಬೆರಳಾಡಿಸಿ ಸರಿಸಿದ ಕಡೆ ಬೆಳಕು. ಒಂದು ಫೋಟೋ, ಸ್ವಲ್ಪ ಸರಿಸು, ಇನ್ನೊಂದು ಫೋಟೋ. ಹಿಂದಿನ ಚಿತ್ರ ಅಳಿಸಿದ ಮೇಲೇ ಮುಂದಿನದು ಬರುವುದು. ತಪ್ಪಾದರೆ ವಾಪಸ್ ಹೋಗುವ ಹಾಗಿಲ್ಲ. ಎರಡು ವರ್ಷ ಬಿಟ್ಟು ಆಕೆ ಗಾಜಿನ ಮೇಲೆ ಬಣ್ಣ ಬಳಿದು ‘ದಿ ಸ್ಟ್ರೀಟ್’ ಅನ್ನುವ ಚಿತ್ರ ಮಾಡಿದರು. ಮನೆಯಲ್ಲಿ ಅಜ್ಜಿ ಸಾಯುವ ಹಂತದಲ್ಲಿದ್ದಾಳೆ, ಅವಳ ಕೋಣೆ ತನಗೆ ಯಾವಾಗ ಸಿಗುತ್ತೆ ಅಂತ ಮೊಮ್ಮಗ ಕಾಯುತ್ತಿದ್ದಾನೆ. ಅಷ್ಟೇ ಕಥೆ. ಆದರೆ ಮುಖಗಳು ಒಂದರೊಳಗೊಂದು ಕರಗಿ ಹೋಗುವ ರೀತಿ ಇದೆಯಲ್ಲ, ನೋಡು, ಆಮೇಲೆ ಮಾತಾಡೋಣ. ಫಿಲ್ಮ್ ಬೋರ್ಡಿನ ತಾಣದಲ್ಲಿ ಪುಕ್ಕಟೆ ಇದೆ.

ಈಗ ನಿನ್ನ ಸಾಮಾನು. ಹಳೇ ಕಿಟಕಿ ಗಾಜು ಒಂದು, ಅಂಚಿಗೆ ಟೇಪು ಸುತ್ತು, ಇಲ್ಲದಿದ್ದರೆ ಬೆರಳು ಕುಯ್ಯುತ್ತೆ. ಎರಡು ಕಡೆ ನಾಲ್ಕು ನಾಲ್ಕು ಇಟ್ಟಿಗೆ ಇಟ್ಟು ಗಾಜು ಕೂರಿಸು. ಕೆಳಗೆ ಎಲ್‌ಇಡಿ ಬಲ್ಬು, ಬಲ್ಬಿಗೂ ಗಾಜಿಗೂ ನಡುವೆ ಟ್ರೇಸಿಂಗ್ ಹಾಳೆ, ಬೆಳಕು ಸಮ ಆಗಲಿ ಅಂತ. ಮೇಲೆ ಫೋನು, ಸೀದಾ ಕೆಳಗೆ ನೋಡುವ ಹಾಗೆ ಸ್ಟೂಲಿಗೆ ಕಟ್ಟು. ಫೋಕಸ್ಸು, ಬೆಳಕು ಎರಡೂ ಲಾಕ್ ಮಾಡು, ಇಲ್ಲದಿದ್ದರೆ ಚಿತ್ರ ಪಟಪಟ ಮಿನುಗುತ್ತೆ. ಒಂದೊಂದೇ ಫೋಟೋ ಜೋಡಿಸಿ ಓಡಿಸುವ ಸ್ಟಾಪ್ ಮೋಷನ್ ಆ್ಯಪ್‌ಗಳು ಉಚಿತವಾಗಿ ಸಿಗುತ್ತವೆ. ಭಟ್ಟಿಯ ಮರಳು ಕಾದು ಕಾದು ಕಪ್ಪಾಗಿರುತ್ತೆ, ಅದೇ ಒಳ್ಳೆಯದು, ಹೊಳೆ ಮರಳಿನ ಹಾಗೆ ಬೆಳಕು ಸೋರುವುದಿಲ್ಲ. ಎರಡು ಸಲ ಜರಡಿ ಹಿಡಿ. ಮತ್ತೆ ಫ್ಯಾನ್ ಆಫ್ ಮಾಡು! ನಾನು ಹೀಗೇ ಒಂದು ಏಪ್ರಿಲ್‌ನಲ್ಲಿ ಮೂರು ದಿನ ಕೂತು ನಲವತ್ತು ಸೆಕೆಂಡು ಮಾಡಿದ್ದೆ. ನಮ್ಮಮ್ಮ ಒಳಗೆ ಬಂದವರು ‘ಇಷ್ಟು ಸೆಖೆಯಲ್ಲಿ ಹೆಂಗೆ ಕೂತೀಯೋ’ ಅಂತ ಪ್ರೀತಿಯಿಂದ ಸ್ವಿಚ್ ಹಾಕಿದರು. ನನ್ನ ಮರಳಿನ ಎಮ್ಮೆ ಹಾರಿ ಹೋಗಿ ಗೋಡೆ ಮೂಲೆ ಸೇರಿತು.

ನೂರು ಸೆಕೆಂಡು ಮಾಡಿ ಕಳಿಸು. ಮೂರು ನಿಮಿಷ ಆಮೇಲೆ ನೋಡೋಣ.

ಪ್ರ: ‘ಏಕ್ ಅನೇಕ್’ ಅಂತ ದೂರದರ್ಶನದಲ್ಲಿ ಬರುತ್ತಿತ್ತಲ್ಲ, ಹಕ್ಕಿಗಳು ಬಲೆ ಸಮೇತ ಹಾರುವುದು, ಅದು ಯಾರು ಮಾಡಿದ್ದು?
– ಗೃಹಿಣಿ, ಹೊಳಲ್ಕೆರೆ

1974ರ ಚಿತ್ರ ಅದು. ಫಿಲ್ಮ್ಸ್ ಡಿವಿಷನ್‌ನದೇ. ನಿರ್ದೇಶನ ವಿಜಯಾ ಮುಳೆ, ಚಿತ್ರ ಬಿಡಿಸಿ ಜೀವ ಕೊಟ್ಟವರು ಭೀಮ್‌ಸೈನ್. ಹಾಡಿದ ಪುಟ್ಟ ಹುಡುಗಿ ಮುಂದೆ ಹೆಸರಾದ ಗಾಯಕಿ ಸಾಧನಾ ಸರ್ಗಮ್. ಒಗ್ಗಟ್ಟಾಗಿರಿ ಅನ್ನುವ ಸರ್ಕಾರಿ ಪಾಠ ಅದು, ಅಪ್ಪಟ ಪಾರ್ಸೆಲ್ ರೇಟು! ಆದರೆ ನಿಮಗೆ ನೆನಪಿರುವುದು ಹಕ್ಕಿಗಳು, ಅಲ್ವಾ?

ಪ್ರ: ನಮ್ಮದು ತೊಗಲು ಗೊಂಬೆ ಆಡಿಸುವ ಮನೆತನ. ನಮ್ಮ ಮಗ ಬೆಂಗಳೂರಲ್ಲಿ ಅನಿಮೇಷನ್ ಕೋರ್ಸ್ ಸೇರುತ್ತೀನಿ ಅಂತಾನೆ. ಲಕ್ಷಗಟ್ಟಲೆ ಫೀಸು. ನಾವು ಆಡಿಸುವುದೂ ಅದೇ ಅಲ್ವಾ?
– ಗೊಂಬೆ ಕಲಾವಿದರು, ಮೊಳಕಾಲ್ಮೂರು ತಾಲ್ಲೂಕು

ಯಜಮಾನರೇ, ನೀವು ಆಡಿಸುವುದು ಅದರ ಅಜ್ಜ. ಪರದೆ, ಹಿಂದೆ ದೀಪ, ಮಧ್ಯೆ ಬೆಳಕು ಹಾಯುವ ಹಾಗೆ ಹದ ಮಾಡಿ ಬಣ್ಣ ಹಾಕಿದ ತೊಗಲು. ಗೊಂಬೆಯ ಮೊಣಕೈ ಎಲ್ಲಿ ಬಗ್ಗಬೇಕು, ಕಿಳ್ಳೇಕ್ಯಾತ ತಲೆ ಎಷ್ಟು ಅಲ್ಲಾಡಿಸಿದರೆ ಜನ ನಗುತ್ತಾರೆ, ಬಂಗಾರಕ್ಕ ಎಷ್ಟು ಹೊತ್ತು ಸುಮ್ಮನೆ ನಿಂತರೆ ಇನ್ನೂ ಜಾಸ್ತಿ ನಗುತ್ತಾರೆ, ಇದನ್ನು ಅನಿಮೇಷನ್‌ನವರು ಟೈಮಿಂಗ್ ಅಂತಾರೆ. ಫೀಸು ಕಟ್ಟಿಸಿಕೊಂಡು ಕಲಿಸುವುದೂ ಇದನ್ನೇ. ಜರ್ಮನಿಯ ಲೊಟ್ಟೆ ರೈನಿಗರ್ 1926ರಲ್ಲೇ ಕಪ್ಪು ಕಾಗದ ಕತ್ತರಿಸಿ, ಕೀಲು ಕೂರಿಸಿ, ಕೆಳಗೆ ಬೆಳಕಿಟ್ಟು, ಫ್ರೇಮು ಫ್ರೇಮು ಸರಿಸಿ ಒಂದು ಗಂಟೆಯ ಚಿತ್ರ ಮಾಡಿದ್ದರು. ನೆರಳಿನ ಗೊಂಬೆಯಾಟವೇ ಅದರ ಮೂಲ. ಆಕೆಯ ಗೊಂಬೆ ಕಪ್ಪು, ನಿಮ್ಮದು ಬಣ್ಣದ್ದು, ವ್ಯತ್ಯಾಸ ಅಷ್ಟೇ.

ಮಗನನ್ನು ತಡೆಯಬೇಡಿ. ಆದರೆ ಲಕ್ಷದ ಕೋರ್ಸಿಗೆ ಸೇರಿಸುವ ಮೊದಲು ಸರ್ಕಾರಿ ಸಂಸ್ಥೆಗಳ ಪ್ರವೇಶ ಪರೀಕ್ಷೆ ಬರೆಸಿ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಎನ್‌ಐಡಿ ಇದೆ, 1961ರಲ್ಲಿ ಶುರುವಾದದ್ದು. ಮುಂಬೈ ಐಐಟಿಯ ವಿನ್ಯಾಸ ಶಾಲೆ ಐಡಿಸಿ ಇದೆ, ಅಲ್ಲಿ ಪಾಠ ಮಾಡಿದ ನೀನಾ ಸಬ್ನಾನಿ ಕಸೂತಿ ಮಾಡುವ ಹೆಂಗಸರು, ಬುಡಕಟ್ಟಿನ ಚಿತ್ರಗಾರರ ಜೊತೆ ಕೂತು ಅವರದೇ ಗೆರೆಗಳಲ್ಲಿ ಅನಿಮೇಷನ್ ಮಾಡಿದವರು. ನಿಮ್ಮ ಮಗನಂಥವನಿಗೆ ಅಂಥ ಗುರು ಸಿಗಬೇಕು.

ಪತ್ರದ ಕೊನೆಗೆ ಬರೆದಿದ್ದೀರಲ್ಲ, ಯಾರೋ ಬಂದು ನಿಮ್ಮ ಮನೆಯ ಗೊಂಬೆಗಳನ್ನೆಲ್ಲ ಫೋಟೋ ತೆಗೆದುಕೊಂಡು ಹೋಗಿ, ಆಮೇಲೆ ಒಂದು ಇಲಾಖೆಯ ಚಿತ್ರದಲ್ಲಿ ನಿಮ್ಮ ರಾವಣನೇ ಕುಣಿಯುತ್ತಿದ್ದ, ಹೆಸರು ಮಾತ್ರ ಇರಲಿಲ್ಲ ಅಂತ. ಓದಿ ಹೊಟ್ಟೆ ಉರಿಯಿತು. ಮುಂದಿನ ಸಲ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ, ಯಾವ ಗೊಂಬೆ, ಯಾವ ಚಿತ್ರಕ್ಕೆ, ಎಷ್ಟು ದುಡ್ಡು, ಪರದೆ ಮೇಲೆ ಯಾರ ಹೆಸರು. ಸಹಿ ಹಾಕದವರಿಗೆ ಪೆಟ್ಟಿಗೆ ಬಿಚ್ಚಬೇಡಿ. ಮಜ್ಜಿಗೆ ಕೊಟ್ಟು ಕಳಿಸಿ. ಕೊಪ್ಪಳ ಜಿಲ್ಲೆಯ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ತೊಗಲು ಗೊಂಬೆಯಾಟಕ್ಕೆ 2025ರಲ್ಲಿ ಪದ್ಮಶ್ರೀ ಬಂದಿದೆ. ಬಂದವರಿಗೆ ಅದನ್ನೂ ಒಂದು ಸಲ ನೆನಪಿಸಿ, ನಿಮ್ಮದು ಅನಾಥ ಕಲೆ ಅಲ್ಲ.

ಪ್ರ: ಬೆಂಗಳೂರಿನ ಸ್ಟುಡಿಯೊದಲ್ಲಿ ಐದು ವರ್ಷದಿಂದ ಹೊರದೇಶದ ಸೀರಿಯಲ್‌ಗಳಿಗೆ ಕೆಲಸ ಮಾಡುತ್ತಿದ್ದೇನೆ. ಡೆಡ್‌ಲೈನ್ ಬಂದರೆ ರಾತ್ರಿ ಎರಡು ಗಂಟೆ. ನನ್ನದೇ ಚಿತ್ರ ಮಾಡಬೇಕು. ಸರ್ಕಾರದಿಂದ ದುಡ್ಡು ಸಿಗುವ ದಾರಿ ಹೇಳಿ. ಕೆನಡಾಕ್ಕೆ ಹೋಗಿಬಿಡಲಾ?
– ಹರಿಹರದ ಯುವಕ

ಹೋದವರಿದ್ದಾರೆ ತಮ್ಮ. ಈಶು ಪಟೇಲ್, ಗುಜರಾತಿನವರು, ಎನ್‌ಐಡಿಯಲ್ಲಿ ಕಲಿತು ಕೆನಡಾ ಫಿಲ್ಮ್ ಬೋರ್ಡ್ ಸೇರಿದರು. 1977ರ ‘ಬೀಡ್ ಗೇಮ್’ ನೋಡು. ಕಪ್ಪು ಹಾಸಿನ ಮೇಲೆ ಗಾಜಿನ ಮಣಿಗಳು. ಸೀರೆ ಅಂಗಡಿ ಪಕ್ಕದಲ್ಲಿ ಮಾಲೆ ಪೋಣಿಸಲು ಮಾರುತ್ತಾರಲ್ಲ, ಅಂಥವೇ. ಸಾವಿರಾರು ಮಣಿಗಳನ್ನು ಕೈಯಲ್ಲೇ ಸರಿಸಿ ಸರಿಸಿ, ಒಂದು ಪ್ರಾಣಿ ಇನ್ನೊಂದನ್ನು ನುಂಗುವುದು, ಅದು ಮತ್ತೊಂದನ್ನು, ಕೊನೆಗೆ ಮನುಷ್ಯರು, ಯುದ್ಧ. ಆಸ್ಕರ್ ಪಟ್ಟಿಗೆ ಹೋಯಿತು. ಅದನ್ನು ಮಾಡುವಾಗ ಅವರಿಗೆ ತಿಂಗಳು ತಿಂಗಳು ಸಂಬಳ ಬರುತ್ತಿತ್ತು, ನೆನಪಿಡು. ಬೋರ್ಡ್ ಶುರುವಾದದ್ದು 1939ರಲ್ಲಿ. 1941ರಲ್ಲಿ ನಾರ್ಮನ್ ಮೆಕ್‌ಲಾರೆನ್ ಬಂದು ಅನಿಮೇಷನ್ ಕಟ್ಟಿದರು. ಅವರು ಮೊದಲು ಕೆಲಸ ಮಾಡಿದ್ದೂ ಅದೇ ಇಂಗ್ಲೆಂಡಿನ ಅಂಚೆ ಇಲಾಖೆಯ ಚಿತ್ರ ಘಟಕದಲ್ಲೇ! ಹತ್ತಕ್ಕೂ ಹೆಚ್ಚು ಆಸ್ಕರ್ ಆ ಒಂದು ಸರ್ಕಾರಿ ಸಂಸ್ಥೆಗೆ ಬಂದಿವೆ. ಆದರೆ 1990ರ ದಶಕದಲ್ಲಿ ಬಜೆಟ್ ಕತ್ತರಿಸಿ ಸಂಬಳದ ಕಲಾವಿದರನ್ನು ಮನೆಗೆ ಕಳಿಸಿದರು, ಈಗ ಅಲ್ಲೂ ಒಂದೊಂದು ಚಿತ್ರಕ್ಕೆ ಒಂದೊಂದು ಒಪ್ಪಂದ. ಹಾಗಾಗಿ ಪಾಸ್‌ಪೋರ್ಟ್ ತಗೊಂಡು ಓಡಬೇಡ.

ನಮ್ಮಲ್ಲೂ ಅಂಥ ದಿನಗಳಿದ್ದವು. 1960ರ ದಶಕದ ಕೊನೆಗೆ ಫಿಲ್ಮ್ಸ್ ಡಿವಿಷನ್‌ನಲ್ಲಿ ಪ್ರಮೋದ್ ಪತಿ ಅನ್ನುವವರು ಕುಟುಂಬ ಯೋಜನೆಯ ಮೇಲೆ ಚಿತ್ರ ಮಾಡು ಅಂದರೂ ಮನುಷ್ಯರನ್ನೇ ಗೊಂಬೆ ಥರ ಫ್ರೇಮು ಫ್ರೇಮು ಸರಿಸಿ ಹುಚ್ಚಾಟ ಆಡುತ್ತಿದ್ದರು. 1972ರ ‘ಆಬಿದ್’ ನೋಡಿದರೆ ಇದಕ್ಕೆ ಸರ್ಕಾರ ಹೆಂಗಪ್ಪಾ ದುಡ್ಡು ಕೊಟ್ಟಿತು ಅಂತ ಬಾಯಿ ಮೇಲೆ ಕೈ ಇಡುತ್ತೀಯಾ. ಈಗ ಫಿಲ್ಮ್ಸ್ ಡಿವಿಷನ್, ಮಕ್ಕಳ ಚಿತ್ರ ಸಮಾಜ ಎಲ್ಲವನ್ನೂ 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ, ಅಂದರೆ ಎನ್‌ಎಫ್‌ಡಿಸಿಯೊಳಗೆ ಸೇರಿಸಿದ್ದಾರೆ, ಬಾಗಿಲು ತಟ್ಟಬೇಕಾದ್ದು ಅಲ್ಲೇ. ಕರ್ನಾಟಕ 2012ರಲ್ಲೇ ಅನಿಮೇಷನ್‌ಗೆ ನೀತಿ ತಂದ ರಾಜ್ಯ, ಹೊಸದು 2024ರಿಂದ 2029ರವರೆಗಿನದು. ನನ್ನ ತಕರಾರು ಏನೆಂದರೆ ಅದರಲ್ಲಿ ಉದ್ಯಮ, ಉದ್ಯೋಗ, ಸ್ಟಾರ್ಟಪ್ ಮಾತೇ ಜಾಸ್ತಿ. ಮಣಿ ಸರಿಸುವವನಿಗೆ ಒಂದು ವರ್ಷದ ಸಂಬಳ ಅನ್ನುವ ಮಾತು ಕಡಿಮೆ. ಚಿತ್ರ ಮುಗಿದರೆ ತೋರಿಸಲು ಮುಂಬೈಯ ಅಂತರರಾಷ್ಟ್ರೀಯ ಚಿತ್ರೋತ್ಸವ ಮಿಫ್ ಇದೆ, ಎರಡು ವರ್ಷಕ್ಕೊಮ್ಮೆ. ಕೇರಳದ ಚಲಚ್ಚಿತ್ರ ಅಕಾಡೆಮಿ ತಿರುವನಂತಪುರದಲ್ಲಿ ನಡೆಸುವ ಕಿರುಚಿತ್ರೋತ್ಸವವೂ ಇದೆ. ಎರಡಕ್ಕೂ ಕಳಿಸು.

ಇಲಾಖೆಯ ಕೆಲಸ ಹಿಡಿದರೆ ನನ್ನ ಕಥೆ ಕೇಳಿಕೊಂಡು ಹಿಡಿ. ಹೆಸರು ಬೇಡ, ಒಂದು ಕಚೇರಿಗೆ ನೀರು ಉಳಿಸಿ ಅಂತ ನಾಲ್ಕು ನಿಮಿಷದ ಚಿತ್ರ ಒಪ್ಪಿಕೊಂಡೆ. ನಮ್ಮ ಚಿತ್ರದುರ್ಗದ ಕೋಟೆ ಹೊಂಡಗಳೇ ಪಾತ್ರಗಳು, ಮೇಲಿನ ಹೊಂಡ ತುಂಬಿ ಕೆಳಗಿನದಕ್ಕೆ ಹರಿಯುವಾಗ ಅಕ್ಕತಂಗಿಯರು ಮಾತಾಡಿಕೊಳ್ಳುವ ಹಾಗೆ. ಮೊದಲ ಸಭೆಯಲ್ಲಿ ಚಪ್ಪಾಳೆ. ಎರಡನೇ ಸಭೆಯಲ್ಲಿ ‘ಹೊಂಡ ಮಾತಾಡುವುದು ಬೇಡ, ಅಧಿಕಾರಿ ಮಾತಾಡಲಿ’. ಮೂರನೇ ಸಭೆಯಲ್ಲಿ ಮೊದಲ ಇಪ್ಪತ್ತು ಸೆಕೆಂಡು ಫೋಟೋ, ಕೊನೆಯ ಇಪ್ಪತ್ತು ಸೆಕೆಂಡು ಫೋಟೋ. ಕೊನೆಗೆ ಉಳಿದ ಹೊಂಡ ಒಂದೇ, ಅದೂ ಹಿನ್ನೆಲೆಯಲ್ಲಿ, ಮಬ್ಬಾಗಿ. ಬಿಲ್ಲು ಪಾಸಾಗಲು ಹದಿನಾಲ್ಕು ತಿಂಗಳು. ಆ ಹದಿನಾಲ್ಕು ತಿಂಗಳು ನಾನು ಮದುವೆ ವಿಡಿಯೊಗಳಿಗೆ ಟೈಟಲ್ ಮಾಡಿ ಬದುಕಿದೆ. ಅದಕ್ಕೇ ಹೇಳುತ್ತಿರುವುದು, ದೃಶ್ಯಗಳನ್ನು ಮೊದಲೇ ಬಿಡಿಸಿಟ್ಟ ಸ್ಟೋರಿಬೋರ್ಡ್‌ನ ಪುಟ ಪುಟಕ್ಕೂ ಸಹಿ ಹಾಕಿಸು. ಸಹಿ ಆದ ಮೇಲಿನ ಪ್ರತಿ ಬದಲಾವಣೆಗೆ ಬೇರೆ ದುಡ್ಡು ಅಂತ ಮೊದಲೇ ಬರೆಸು. ಮುಂಗಡ ಬರದೆ ಪೆನ್ಸಿಲ್ ಚೂಪು ಮಾಡಬೇಡ. ಕೆಲಸ ಮಾತ್ರ ಈಗಲೇ ಬಿಡಬೇಡ, ರಜಾದಿನಕ್ಕೆ ನಾಲ್ಕು ಸೆಕೆಂಡಿನ ಹಾಗೆ ಶುರು ಮಾಡು.

ಪ್ರ: ಗಣೇಶನ ಪೆಂಡಾಲಿನಲ್ಲಿ ಮಕ್ಕಳಿಗೆ ಹಳೇ ಫಿಲ್ಮ್ಸ್ ಡಿವಿಷನ್ ಕಾರ್ಟೂನ್ ತೋರಿಸಬೇಕೆಂದಿದ್ದೇವೆ. ಕೇಸು ಗೀಸು ಆಗುತ್ತಾ?
– ಯುವಕ ಸಂಘ, ದಾವಣಗೆರೆ

ನಮ್ಮ ಕಾನೂನಿನಲ್ಲಿ ಸಿನಿಮಾದ ಹಕ್ಕು 60 ವರ್ಷ, ಬಿಡುಗಡೆಯಾದ ಮುಂದಿನ ವರ್ಷದಿಂದ ಲೆಕ್ಕ. 1957ರ ಜಿಂಕೆ ಚಿತ್ರದ್ದು 2017ಕ್ಕೇ ಮುಗಿದಿದೆ, ಧಾರಾಳವಾಗಿ ತೋರಿಸಿ. 1974ರ ‘ಏಕ್ ಅನೇಕ್’ 2034ರ ಕೊನೆವರೆಗೂ ಇರುತ್ತೆ, ಅದಕ್ಕೆ ಎನ್‌ಎಫ್‌ಡಿಸಿಗೆ ಒಂದು ಪತ್ರ ಬರೆದು ಅನುಮತಿ ತಗೊಳ್ಳಿ. ಡಿಜೆ ನಿಲ್ಲಿಸಿದ ಮೇಲೆ ತೋರಿಸಿ ಅಂತ ನನ್ನ ವೈಯಕ್ತಿಕ ಮನವಿ.

ಪ್ರ: ಮಾಮಾ, ನಾನು ಗಣಿತ ನೋಟ್‌ಬುಕ್ಕಿನ ಮೂಲೆಯಲ್ಲಿ ಕುದುರೆ ಬರೆದಿದ್ದೀನಿ. ಪುಟ ತಿರುವಿದರೆ ಓಡುತ್ತಿಲ್ಲ, ನಡುಗುತ್ತೆ. ಯಾಕೆ?
– 5ನೇ ತರಗತಿ, ಜಗಳೂರು

ಪುಟ್ಟಾ, ಕಳಿಸಿದ ಹಾಳೆಗಳನ್ನು ನೋಡಿದೆ. ಕುದುರೆ ಚೆನ್ನಾಗಿದೆ, ಬಾಲ ಬಹಳ ಚೆನ್ನಾಗಿದೆ. ಆದರೆ ಎಲ್ಲ ಹಾಳೆಯಲ್ಲೂ ನಾಲ್ಕೂ ಕಾಲು ಒಂದೇ ಥರ ಇವೆ, ಹೊಟ್ಟೆ ಮಾತ್ರ ಒಮ್ಮೆ ದಪ್ಪ ಒಮ್ಮೆ ಸಣ್ಣ ಆಗಿದೆ. ಅದಕ್ಕೇ ಅದು ಓಡುವ ಬದಲು ಚಳಿ ಬಂದ ಹಾಗೆ ನಡುಗುತ್ತಿದೆ. ನೋಟ್‌ಬುಕ್ಕಿನ ಕೊನೆಯ ಪುಟದಿಂದ ಶುರು ಮಾಡು. ಮೊದಲ ಕುದುರೆಯನ್ನು ಒತ್ತಿ ಬರೆ. ಅದರ ಹಿಂದಿನ ಪುಟವನ್ನು ಅದರ ಮೇಲೆ ಮುಚ್ಚಿದರೆ ಗೆರೆ ಕಾಣುತ್ತೆ. ಹೊಟ್ಟೆ, ಕುತ್ತಿಗೆ, ಬಾಲ ಹಾಗೇ ನಕಲು ಮಾಡು, ಕಾಲು ಮಾತ್ರ ಬತ್ತದ ಕಾಳಿನಷ್ಟು ಸರಿಸು. ಹನ್ನೆರಡು ಪುಟಕ್ಕೆ ಒಂದು ಹೆಜ್ಜೆ ಮುಗಿಯಲಿ. ಗಣಿತದ ಪುಸ್ತಕ ಬಿಟ್ಟು ಬೇರೆ ದಪ್ಪ ಪುಸ್ತಕ ತಗೋ, ತೆಳು ಪುಸ್ತಕ ಬೆರಳಿಗೆ ಸಿಗದೆ ಜಾರುತ್ತೆ. ನಿಮ್ಮ ಮೇಷ್ಟ್ರು ಕೇಳಿದರೆ ನನ್ನ ಹೆಸರು ಹೇಳು.